ವರೆಗೆ, ಒಳಗೆ

ಭಾವ ಫೋನಿನಲ್ಲಿ ಕೇಳಿದ್ದು ಒಂದು ಇಂಗ್ಲಿಷ್ ವ್ಯಾಕರಣದ ಸಂದೇಹ, ಅಷ್ಟೆ. ಆದರೆ ಫೋನಿಟ್ಟ ಮೇಲೆ ಅಮೂಲ್ಯಳಿಗೆ ಕೂತಲ್ಲಿ ಕೂರಲಾಗಲಿಲ್ಲ. "ಅಮೂಲ್ಯ, ಬಿಜಿ ಇದೀಯೇನಮ್ಮ? ಒಂದ್ ಡೌಟಿತ್ತು. ಈ ಅಂಟಿಲ್ ಅಂತ ಹಾಕಿದ್ರೆ, ಆಮೇಲೆ ಆ ಕೆಲಸ ಆಯ್ತು ಅಂತ ಅರ್ಥಾನಾ, ಇಲ್ಲಾ ಕೊನೆಗೂ ಆಗ್ಲೇ ಇಲ್ಲ ಅಂತಾನಾ?" ಎಂದು ಮಲ್ಲೇಶ್ ಭಾವ ಕೇಳಿದ್ದರು. ಅಕ್ಕನ ಮದುವೆಯಾದಾಗಿನಿಂದ ಅವರು ತಾವಾಗಿ ಅಮೂಲ್ಯಳಿಗೆ ಫೋನ್ ಮಾಡಿದ್ದು ಇಲ್ಲವೇ ಇಲ್ಲ ಎನ್ನಬೇಕು. ವಾಕ್ಯ ನೋಡದೆ ಹೇಳುವುದು ಕಷ್ಟ ಭಾವ, ಎಂದಳು. "ಸರಿ ಬಿಡು, ಸಿಕ್ಕಾಗ ತೋರಿಸ್ತೀನಿ" ಎಂದರು. ಎಲ್ಲಿ ಓದಿದಿರಿ ಎಂದು ಸುಮ್ಮನೆ, ಮಾತಿಗೆ ಕೇಳುವಂತೆ ಕೇಳಿದಳು. "ನಿಂದೇ ಆಪ್‌ನಲ್ಲಿ" ಎಂದು ಅವರು ಹೇಳಿದ ದನಿಯಲ್ಲಿ ಸಿಟ್ಟಿತ್ತೋ, ನಗುವಿತ್ತೋ, ಅಥವಾ ಎರಡೂ ಇರಲಿಲ್ಲವೋ ಎಂಬುದನ್ನು ಆಮೇಲೆ ಎಷ್ಟು ಸಲ ನೆನಪಿಸಿಕೊಂಡರೂ ಅವಳಿಗೆ ಗೊತ್ತಾಗಲಿಲ್ಲ.

ವಿನೋಬನಗರದ ಅಪ್ಪನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ ಕೂತು, ಕನ್ನಡದಿಂದ ಇಂಗ್ಲಿಷ್ ಕಲಿಸುವ ಒಂದು ಮೊಬೈಲ್ ಆಪ್‌ಗೆ ಉದಾಹರಣೆ ವಾಕ್ಯಗಳನ್ನು ಬರೆಯುವುದು ಅವಳ ಕೆಲಸ. ಒಂದು ಪಾಠವೆಂದರೆ ಒಂದು ರಾಶಿ ವಾಕ್ಯ. ಪ್ರತಿಯೊಂದರಲ್ಲೂ ಒಂದು ಸಣ್ಣ ಪದದ ಜಾಗ ಖಾಲಿ; ಕಲಿಯುವವರು ಅಲ್ಲಿ 'ಒಳಗೆ' ಎನ್ನುವ ಬೈ ಬರುತ್ತದೋ 'ವರೆಗೆ' ಎನ್ನುವ ಅಂಟಿಲ್ ಬರುತ್ತದೋ, ಸಿನ್ಸ್ ಸರಿಯೋ ಫಾರ್ ಸರಿಯೋ ಎಂದು ಒತ್ತಬೇಕು. ಪುಸ್ತಕದ ವಾಕ್ಯ ಬೇಡ, ಬದುಕಿನ ವಾಕ್ಯ ಬೇಕು ಎಂಬುದು ಬೆಂಗಳೂರಿನ ಕಚೇರಿಯವರು ಮೊದಲ ದಿನವೇ ಹಾಕಿದ ಷರತ್ತು. ಬದುಕು ಎಷ್ಟು ದಿನ ಬರುತ್ತದೆ? ಅವಳದು ಬೇಗ ಮುಗಿದುಹೋಯಿತು. ಅಪ್ಪ ಚಂದ್ರಶೇಖರಪ್ಪನವರು ಪೇಪರ್ ಹಿಡಿದು ಬಚ್ಚಲು ಸೇರಿದರೆ ಗಂಟೆಗಟ್ಟಲೆ ಹೊರಬರದಿರುವುದು ಫಾರ್‌ಗೆ ಹೋಯಿತು. ಅಮ್ಮ ಜಗದಾಂಬಾಳ ಮಂಡಿನೋವು ಸಿನ್ಸ್‌ಗೆ ಹೋಯಿತು. ಅವಳನ್ನು ನೋಡಲು ಬಂದು, ಭಾನುವಾರದೊಳಗೆ ತಿಳಿಸುತ್ತೇವೆ ಎಂದು ಹೇಳಿ ಹೋಗಿ ಮತ್ತೆ ಸುದ್ದಿಯೇ ಇಲ್ಲದ ತರೀಕೆರೆಯ ವರನ ಕಡೆಯವರು ಬೈಗೆ ಸರಿಯಾಗಿ ಒದಗಿದ್ದರು. ಆ ವಾಕ್ಯ ಬರೆದಾಗ ಅವಳಿಗೆ ಅವಮಾನ ಕಡಿಮೆಯಾದಂತೆಯೂ ಅನ್ನಿಸಿತ್ತು. ಹೀಗೆ ಮನೆಯಲ್ಲಿರುವುದೆಲ್ಲ ತೀರಿದ ಒಂದು ಮಧ್ಯಾಹ್ನ ಅವಳ ಕೈ ಭದ್ರಾವತಿಯ ಅಕ್ಕನ ಮನೆಯ ಕಡೆ ಚಾಚಿತ್ತು. ಹೆಸರು ಹಾಕಿರಲಿಲ್ಲ. ಊರು ಹಾಕಿರಲಿಲ್ಲ. ಆದರೆ ಹೊಲಿಗೆ ಮೆಷಿನ್ನನ್ನು ಬಿಟ್ಟಿದ್ದಳು. ಅದನ್ನು ತೆಗೆದು ಮೇಜು ಎಂದು ಹಾಕಿ ನೋಡಿದ್ದಳು, ವಾಕ್ಯ ಸತ್ತಂತಾಗಿತ್ತು, ಮತ್ತೆ ಮೆಷಿನ್ನನ್ನೇ ಹಾಕಿದ್ದಳು. ಪರಿಶೀಲನೆ ಮಾಡುವವರು ಆ ಸಾಲಿನ ಪಕ್ಕ 'ತುಂಬಾ ಸಹಜ' ಎಂದು ಬರೆದು ಕಳಿಸಿದ್ದರು. ಅವತ್ತೆಲ್ಲ ಅವಳು ಖುಷಿಯಾಗಿದ್ದಳು.

ಅಕ್ಕನಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ದೀಪಾವಳಿ ಹತ್ತಿರ ಬಂತಲ್ಲ, ರವಿಕೆಗಳ ರಾಶಿ ಬಿದ್ದಿರುತ್ತದೆ, ಮೆಷಿನ್ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಳು. ಅಥವಾ ಕೇಳಿಸಿಯೂ ಎತ್ತಲಿಲ್ಲವೇನೋ. ಭಾವ ಆಗಲೇ ಅಕ್ಕನಿಗೆ ಹೇಳಿಬಿಟ್ಟಿದ್ದರೆ? ಹೇಗೆ ಹೇಳುತ್ತಾರೆ, ಅವರಿಬ್ಬರ ನಡುವೆ ಮಾತಿಲ್ಲವಲ್ಲ! ಆ ಯೋಚನೆಯಿಂದ ಅರೆಕ್ಷಣ ಸಮಾಧಾನವಾಯಿತು. ಮರುಕ್ಷಣವೇ ಆ ಸಮಾಧಾನದ ಬಗ್ಗೆ ಹೇಸಿಗೆಯಾಯಿತು. ಸೀರೆ ಉಡುವಷ್ಟು ತಾಳ್ಮೆಯಿಲ್ಲದೆ ಚೂಡಿದಾರದಲ್ಲೇ ಕೆಳಗಿಳಿದಳು. "ಎಲ್ಲಿಗೇ ಹೊರಟೆ ಇಷ್ಟೊತ್ತಲ್ಲಿ?" ಎಂದು ಅಮ್ಮ ಅಡಿಗೆಮನೆಯಿಂದ ಕೂಗಿದಳು. ಅಕ್ಕನ ಮನೆಗೆ ಎಂದಳು. "ಏನ್ ವಿಶೇಷ?" ಏನಿಲ್ಲ, ಸುಮ್ಮನೆ. "ಹಬ್ಬಕ್ಕೆ ಇಬ್ರೂ ಬರ್ತಾರಂತಾ ಕೇಳ್ಕೊಂಡ್ ಬಾ. ಯುಗಾದಿಗೆ ಬಂದೋರು ಮತ್ತೆ ಜೊತೇಲಿ ಬಂದೇ ಇಲ್ಲ ಪುಣ್ಯಾತ್ಮರು" ಎಂದಳು ಅಮ್ಮ. ಅವರಿಬ್ಬರ ಮಾತು ನಿಂತದ್ದು ಅಮ್ಮನಿಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗುವ ಹುಡುಗಿಯರು ನಿಂತು ಜೋರಾಗಿ ನಗುತ್ತಿದ್ದರು. ಬಸ್ಸು ತುಂಗೆಯ ಸೇತುವೆ ದಾಟುವಾಗ, ಹೋಗಿ ಏನು ಹೇಳುವುದು ಎಂದು ಜೋಡಿಸಿಕೊಳ್ಳಲು ನೋಡಿದಳು. ಅಕ್ಕ, ನಿನ್ನದೊಂದು ಮಾತು ತಪ್ಪಿ ಬಾಯಿಬಿಟ್ಟೆ. ಬಾಯಿ ಬಿಟ್ಟಿದ್ದಲ್ಲ, ಬರೆದದ್ದು. ತಪ್ಪಿ ಬರೆದದ್ದೂ ಅಲ್ಲ, ಒಂದೊಂದು ಪದವನ್ನೂ ತೂಗಿ ಬರೆದದ್ದು. ಅಕ್ಕ ಇದನ್ನೆಲ್ಲ ಹೇಳಿಕೊಂಡದ್ದು ಆಷಾಢದಲ್ಲಿ, ಲೈನಿಂಗ್ ಬಟ್ಟೆ ತರಲು ಗಾಂಧಿ ಬಜಾರಿಗೆ ಬಂದವಳು, ಜ್ಯೂಸ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಸ್ಟ್ರಾವನ್ನು ಕಚ್ಚಿ ಕಚ್ಚಿ ಚಪ್ಪಟೆ ಮಾಡುತ್ತ. "ಯುಗಾದಿಯಿಂದ ಮಾತಿಲ್ಲ ಕಣೆ. ಒಂದ್ ಮಾತೂ ಇಲ್ಲ. ನಾನು ಬೆಳಿಗ್ಗೆ ಏಳರೊಳಗೆ ಟೀ ಮಾಡಿ ಮೆಷಿನ್ ಮೇಲೆ ಇಟ್ಬಿಡ್ತೀನಿ. ನಾನು ಒಳಗೆ ಹೋಗೋವರೆಗೂ ಮುಟ್ಟಲ್ಲ. ನಾನ್ ಹೋದೆ ಅಂದ್ಮೇಲೆ ಬಂದು ಕುಡೀತಾರೆ. ಲೋಟ ತೊಳ್ದೂ ಇಡ್ತಾರೆ ಮಾರಾಯ್ತಿ, ಅದೇ ಹೊಟ್ಟೆ ಉರಿಯೋದು." ಯಾರಿಗೂ ಹೇಳಬೇಡ ಎಂದಿದ್ದಳು. ಅಮೂಲ್ಯ ಅಕ್ಕನ ಕೈ ಹಿಡಿದುಕೊಂಡಿದ್ದಳು. ಹಿಡಿದುಕೊಂಡೇ, ಏಳರೊಳಗೆ ಬೈ, ಹೋಗೋವರೆಗೂ ಅಂಟಿಲ್, ಒಂದೇ ಉಸಿರಿನಲ್ಲಿ ಎರಡೂ ಬಂತಲ್ಲ ಎಂದು ತಲೆಯ ಯಾವುದೋ ಮೂಲೆ ಗುರುತು ಹಾಕಿಕೊಂಡಿತ್ತು. ಆ ಮೂಲೆಯನ್ನು ಏನು ಮಾಡುವುದು? ಈಗ ಮುಂದಿನ ಸೀಟಿನ ಮುದುಕಿ ತೂಕಡಿಸುತ್ತ ಪಕ್ಕದವನ ಭುಜಕ್ಕೆ ಬೀಳುತ್ತಿರುವುದನ್ನೂ ಅದು ನೋಡುತ್ತಲೇ ಇತ್ತು.

ಎಲ್ಲ ಶುರುವಾದದ್ದು ಯುಗಾದಿಯ ಊಟದಲ್ಲಿ. ಅಪ್ಪನ ಮನೆಯಲ್ಲಿ ಎಲ್ಲರೂ ಕೆಳಗೆ ಎಲೆ ಹಾಕಿಕೊಂಡು ಕೂತಿದ್ದರು. ಭಾವ ಮಾಚೇನಹಳ್ಳಿಯಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಶಿಫ್ಟ್ ಮೇಲ್ವಿಚಾರಕರು. ಐಟಿಐ ಮುಗಿಸಿ ಹದಿನೆಂಟನೆಯ ವಯಸ್ಸಿಗೇ ಬೆಂಕಿಯ ಮುಂದೆ ನಿಂತವರು. ಹೊಸದಾಗಿ ಬಂದ ಪುಣೆಯ ಮ್ಯಾನೇಜರ್ ಎಲ್ಲ ವರದಿಯನ್ನೂ ಗ್ರೂಪಿನಲ್ಲಿ ಇಂಗ್ಲಿಷಿನಲ್ಲೇ ಹಾಕಬೇಕೆಂದಿದ್ದ. ಒಂದು ದಿನ ರಿಪೇರಿಗಾಗಿ ಎರಕದ ಲೈನ್ ಆರು ಗಂಟೆಯವರೆಗೆ ನಿಂತಿರುತ್ತದೆ ಎಂದು ಬರೆಯಲು ಹೋಗಿ, ಭಾವ ಅಂಟಿಲ್ ಬದಲು ಬೈ ಹಾಕಿದ್ದರು. ಆರರೊಳಗೆ ನಿಲ್ಲಿಸುತ್ತಾರೆ, ಅಲ್ಲಿಯತನಕ ಓಡುತ್ತಿರುತ್ತದೆ ಎಂದು ಅರ್ಥ ಮಾಡಿಕೊಂಡ ಮ್ಯಾನೇಜರ್ ಮಾಲು ತುಂಬಲು ಲಾರಿ ಕಳಿಸಿದ್ದ. ಖಾಲಿ ಲಾರಿಗಳು ಗೇಟಿನ ಹೊರಗೆ ಸಾಲಾಗಿ ನಿಂತವು. ಮಿಸ್ಟರ್ ಮಲ್ಲೇಶ್ ದಯವಿಟ್ಟು ಮತ್ತೆ ಶಾಲೆಗೆ ಸೇರಿಕೊಳ್ಳಿ ಎಂದು ಅವನು ಎಲ್ಲರೂ ಓದುವಂತೆ ಗ್ರೂಪಿನಲ್ಲೇ ಹಾಕಿದ್ದ. ಅದನ್ನು ಅಕ್ಕ ಎಲೆಯ ಮುಂದೆ ತಮಾಷೆಯಾಗಿ ಹೇಳಿದಳು. "ನಮ್ಮನೆಯವ್ರು ಈ ವರ್ಷ ಒಂದನೇ ಕ್ಲಾಸಿಗೆ ಸೇರ್ತಾರಂತೆ" ಎಂದಳು. ಅಪ್ಪ ನಕ್ಕರು, ಅಮ್ಮ ಬಾಯಿಗೆ ಸೆರಗು ಹಿಡಿದಳು, ಭಾವನೂ ನಕ್ಕರು. ಅಷ್ಟಕ್ಕೆ ಮುಗಿದಿದ್ದರೆ ಮುಗಿದುಹೋಗುತ್ತಿತ್ತೇನೋ. ಆಗ ಅಮೂಲ್ಯ ಒಂದು ಹೋಳಿಗೆಯನ್ನು ಎತ್ತಿ ಹಿಡಿದು, "ನೋಡಿ ಭಾವ, ಭಾಳ ಸುಲಭ. ಆರರವರೆಗೆ ತಿಂತೀನಿ ಅಂದ್ರೆ ಅಲ್ಲೀತನಕ ತಿಂತಾನೇ ಇರ್ತೀನಿ. ಆರರೊಳಗೆ ತಿಂತೀನಿ ಅಂದ್ರೆ ಯಾವಾಗ್ಲಾದ್ರೂ ಒಂದ್ಸಲ ತಿಂದು ಮುಗಿಸ್ತೀನಿ" ಎಂದು, ಮಕ್ಕಳಿಗೆ ಹೇಳುವ ದನಿಯಲ್ಲಿ ಪಾಠ ಮಾಡಿದ್ದಳು. ಭಾವ ಅವಳ ಕೈಯಲ್ಲಿದ್ದ ಹೋಳಿಗೆಯನ್ನು ನೋಡುತ್ತ, "ಕನ್ನಡದಲ್ಲಿ ನಂಗೂ ಗೊತ್ತಮ್ಮ" ಎಂದಿದ್ದರು. ಬಹಳ ಮೆತ್ತಗೆ ಹೇಳಿದ್ದರು. ಆಮೇಲೆ ಮೊಸರನ್ನಕ್ಕೂ ಕಾಯದೆ ಎಲೆ ಮಡಿಚಿ ಎದ್ದರು. ಅಕ್ಕ ತಮಾಷೆ ಮಾಡಿದ್ದಕ್ಕೆ ಅವರು ಆವತ್ತು ಮುನಿಸಿಕೊಂಡು ಎದ್ದರು ಎಂದೇ ಮನೆಯವರ ಲೆಕ್ಕ. ಅಮೂಲ್ಯಳೂ ಇಷ್ಟು ದಿನ ಅದೇ ಲೆಕ್ಕ ಇಟ್ಟುಕೊಂಡಿದ್ದಳು. ಬಸ್ಸು ಮಾಚೇನಹಳ್ಳಿಯ ಚಿಮಣಿಗಳನ್ನು ದಾಟುತ್ತಿದ್ದಾಗ ಆ ಲೆಕ್ಕ ತಾಳೆಯಾಗಲಿಲ್ಲ.

ಭದ್ರಾವತಿಯ ನ್ಯೂಟೌನಿನಲ್ಲಿ ಅಕ್ಕನದು ಸಾಲುಮನೆಗಳ ಕೊನೆಯ ಮನೆ. ಮಗಳು ಗಾಜನೂರಿನ ಶಾಲೆಯ ಹಾಸ್ಟೆಲ್ ಸೇರಿದ ಮೇಲೆ ಅಲ್ಲಿ ಇರುವವರು ಇಬ್ಬರೇ. ಬಾಗಿಲು ತೆರೆದೇ ಇತ್ತು. ಹೊಲಿಗೆ ಮೆಷಿನ್ನಿನ ಮುಂದೆ ಅಕ್ಕ ಪ್ರಿಯದರ್ಶಿನಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಹಸಿರು ರವಿಕೆಯ ತೋಳು ಕೂರಿಸುತ್ತಿದ್ದಳು. ತಂಗಿಯನ್ನು ಕಂಡದ್ದೇ ಪಿನ್ನು ತೆಗೆದು, "ಏನೇ ಇದು, ಹೇಳ್ದೆ ಕೇಳ್ದೆ!" ಎಂದು ಮುಖ ಅರಳಿಸಿದಳು. ಇವಳಿಗೆ ಗೊತ್ತಿಲ್ಲ ಎಂದು ಅಮೂಲ್ಯಳಿಗೆ ಹಗುರಾಯಿತು. ಹಾಗಾದರೆ ತಾನೇ ಹೇಳಬೇಕು. "ಭಾವ ಇಲ್ವಾ?" "ಒಳಗಿದಾರೆ. ಸೆಕೆಂಡ್ ಶಿಫ್ಟು" ಎಂದ ಅಕ್ಕ ರೂಮಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮುಚ್ಚಿದ ಬಾಗಿಲಿನಾಚೆ ಯಾರೋ ಇಂಗ್ಲಿಷ್ ವಾಕ್ಯವೊಂದನ್ನು ಹೇಳುತ್ತಿದ್ದರು, ಅದನ್ನೇ ಒಂದು ಗಡಸು ದನಿ ತಡವರಿಸಿ ತಡವರಿಸಿ ತಿರುಗಿ ಹೇಳುತ್ತಿತ್ತು. "ಅದೇನೋ ಮೊಬೈಲಲ್ಲಿ ಹಚ್ಕೊಂಡಿದಾರೆ, ಮೂರ್ ಹೊತ್ತೂ ಅದೇ. ನಾನೇನ್ ಕೇಳಕ್ ಹೋಗಿಲ್ಲ" ಎಂದು ಅಕ್ಕ ದಾರ ಕಡಿದಳು.

ಅಡಿಗೆಮನೆಯಲ್ಲಿ ಹೇಳಿಬಿಡಬೇಕೆಂದು ಅಮೂಲ್ಯ ಅಕ್ಕನ ಹಿಂದೆಯೇ ಹೋದಳು. ಈರುಳ್ಳಿ ಹೆಚ್ಚಿಕೊಟ್ಟಳು. ಅಕ್ಕ ಒಗ್ಗರಣೆ ಹಾಕುತ್ತ, ಮಗಳು ಈ ಸಲ ಹಬ್ಬಕ್ಕೆ ಬರುವುದನ್ನು, ಲಂಗಕ್ಕೆ ತೆಗೆದಿಟ್ಟ ಬಟ್ಟೆಯನ್ನು, ಪಕ್ಕದ ಮನೆಯ ಚಿನ್ನಮ್ಮ ಹೊಸ ಫ್ರಿಜ್ ತಂದು ಬೀದಿಗೆಲ್ಲ ಐಸ್ ಹಂಚಿದ್ದನ್ನು ಹೇಳುತ್ತಿದ್ದಳು. ಮಾತು ಮಾತು. ದಿನವಿಡೀ ಬಾಯಿ ಕಟ್ಟಿಕೊಂಡವಳು ಸಿಕ್ಕವರ ಮುಂದೆ ಹೀಗೆ ಸುರಿಯುತ್ತಾಳೆ ಎಂದು ಅಮೂಲ್ಯಳಿಗೆ ಹೊಳೆಯಿತು. ಹಾಗೆ ಸುರಿದದ್ದನ್ನು ಬರೆದಿಟ್ಟುಕೊಂಡ ತನ್ನ ಕೈಗಳನ್ನು ನೋಡಿಕೊಂಡಳು. ಅಕ್ಕ, ಎಂದಳು. "ಏನೇ?" ಈರುಳ್ಳಿ ಸಾಕಾ? "ಸಾಕು ಮಾರಾಯ್ತಿ, ಮದುವೆ ಮನೆಗೆ ಹೆಚ್ಚಿದಂಗ್ ಹೆಚ್ಚಿದೀಯ."

ಊಟಕ್ಕೆ ಭಾವ ಹೊರಬಂದರು. ಬಹಳ ಇಳಿದುಹೋಗಿದ್ದರು, ಅಥವಾ ಕನ್ನಡಕ ಹೊಸದಿರಬೇಕು. ಯಾವಾಗ ಬಂದೆ, ಅಪ್ಪಾಜಿ ಹೇಗಿದಾರೆ ಎಂದು ವಿಚಾರಿಸುತ್ತ ಅವಳ ಪಕ್ಕದ ತಟ್ಟೆಯ ಮುಂದೆ ಕೂತರು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು, "ಅಮೂಲ್ಯ, ಪಲ್ಯ ಬೇಕಾ ಕೇಳು" ಎಂದಳು. ಯಾರನ್ನು ಎಂದು ತಿಳಿಯಲು ಅಮೂಲ್ಯಳಿಗೆ ಒಂದು ಗಳಿಗೆ ಬೇಕಾಯಿತು. "ಭಾವ, ಪಲ್ಯ?" "ಸಾಕು ಅಂತ ಹೇಳಮ್ಮ." ಮೂರು ಮಾರು ದೂರದಲ್ಲಿ ನಿಂತವಳಿಗೆ ಅದು ಕೇಳಿಸಿರಲಿಲ್ಲವೆ? ಅಮೂಲ್ಯ ಸಾಕಂತೆ ಎಂದಳು, ಎಂದಾಗ ತನ್ನ ದನಿ ತನಗೇ ವಿಚಿತ್ರವಾಗಿ ಕೇಳಿಸಿತು. ಉಪ್ಪು ಹಾಗೆ ದಾಟಿತು, ನೀರು ಹಾಗೆ ದಾಟಿತು. ಇಬ್ಬರೂ ಇದಕ್ಕೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಮುಜುಗರವೆಲ್ಲ ಅವಳೊಬ್ಬಳದೇ ಎಂಬಂತೆ ಇತ್ತು. ಆಷಾಢದಲ್ಲಿ ಇದನ್ನು ಕೇಳಿದಾಗ ಅವಳಿಗೆ ಒಂದು ಜೋಡಿ ವಾಕ್ಯ ಕಂಡಿತ್ತು. ಈ ಸೌಟು ಹಿಡಿದ ಕೈ ಕಂಡಿರಲಿಲ್ಲ.

ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡ ಮೇಲೆ ಭಾವ ಎಡಗೈಯಲ್ಲಿ ಮೊಬೈಲ್ ತೆಗೆದರು. "ಬಂದಿದ್ದು ಒಳ್ಳೇದಾಯ್ತು. ಬೆಳಿಗ್ಗೆ ಕೇಳಿದ್ನಲ್ಲ, ನೋಡು ಈ ವಾಕ್ಯ." ಅವಳಿಗೆ ನೋಡದೆಯೇ ಗೊತ್ತಿತ್ತು. ಆ ಗಂಡ ಹೆಂಡತಿ ದೀಪಾವಳಿಯವರೆಗೆ ಮಾತಾಡಲಿಲ್ಲ, ಅಂಟಿಲ್ ದೀಪಾವಳಿ. "ನಾನು ಸಿನ್ಸ್ ಒತ್ತಿದ್ದೆ, ತಪ್ಪು ಅಂತ ಕೆಂಪಗಾಯ್ತು. ಆಮೇಲೆ ಅಂಟಿಲ್ ಒತ್ತಿದೆ, ಹಸಿರಾಯ್ತು. ಹಾಗಂದ್ರೆ ದೀಪಾವಳಿಗೆ ಮಾತಾಡಿದ್ರು ಅಂತ ತಾನೆ?"

"ಹೌದು ಭಾವ. ಅಂಟಿಲ್ ಅಂದ್ರೆ ಅಲ್ಲಿಗೆ ನಿಂತು, ಆಮೇಲೆ ಬದಲಾಯ್ತು ಅಂತ."

"ಸಿನ್ಸ್ ಹಾಕಿದ್ರೆ?"

"ಆವತ್ತು ಶುರುವಾಗಿದ್ದು... ಇನ್ನೂ ಹಂಗೇ ಇದೆ ಅಂತ."

ಭಾವ ತಲೆ ಅಲ್ಲಾಡಿಸಿದರು. ನಿಜಕ್ಕೂ ತಿಳಿದುಕೊಳ್ಳಬೇಕೆಂಬ ಆಸೆಯಿಂದಲೇ ಕೇಳುತ್ತಿದ್ದರು, ಅದೇ ಅವಳಿಗೆ ಸಹಿಸಲಾಗದೆ ಹೋದದ್ದು. "ಸರಿ, ಯಾರ್ ಮೊದ್ಲು ಮಾತಾಡಿದ್ರು?" ಎಂದರು.

ಅದನ್ನು ಅಮೂಲ್ಯ ಯೋಚಿಸಿಯೇ ಇರಲಿಲ್ಲ. ದೀಪಾವಳಿ ಎಂದು ಹಾಕಿದ್ದು ಒಂದು ಕೊನೆ ಬೇಕಿತ್ತೆಂದು. ಅಕ್ಕನಿಗೆ ಒಳ್ಳೆಯದಾಗಲಿ ಎಂದೂ ಇತ್ತು ಎಂದು ಆಮೇಲೆ ತಾನೇ ನಂಬಿಕೊಂಡಿದ್ದಳು. "ಅದರಲ್ಲಿ ಬರೆದಿಲ್ಲ ಭಾವ" ಎಂದಳು. "ಅದೇ ನೋಡು, ಅದನ್ನ ಬರೀಬೇಕಿತ್ತು" ಎಂದು ಅವರು ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸಿ, ಹಿಂದಿನ ಪಾಠವೊಂದನ್ನು ತೆಗೆದು, ಫೌಂಡ್ರಿಯ ಸದ್ದಿನಲ್ಲಿ ಮಾತಾಡಿ ಗಟ್ಟಿಯಾದ ದನಿಯಲ್ಲಿ ಓದಿದರು. "ಶೀ ಲೀವ್ಸ್ ಹಿಸ್ ಟೀ ಆನ್ ದಿ ಸ್ಯೂಯಿಂಗ್ ಮೆಷಿನ್ ಬೈ ಸೆವೆನ್. ಹೀ ಡಸ್ ನಾಟ್ ಟಚ್ ಇಟ್ ಅಂಟಿಲ್ ಶೀ ಗೋಸ್ ಇನ್‌ಸೈಡ್." ಉಚ್ಚಾರ ಒಂದೊಂದು ಕಲ್ಲು ಇಟ್ಟಂತೆ ಇತ್ತು. ತಪ್ಪಿರಲಿಲ್ಲ.

ಬಾಗಿಲಲ್ಲಿ ಸೌಟಿನಿಂದ ಮಜ್ಜಿಗೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಕ್ಕ ಬಿ.ಎ. ಓದಿದವಳು. ಅವಳು ಮೊದಲು ಮೆಷಿನ್ನಿನ ಕಡೆ ನೋಡಿದಳು, ಆಮೇಲೆ ತಂಗಿಯ ಕಡೆ. "ಏನೇ ಇದು ಅಮೂಲ್ಯ?" ಎಂದಳು. ಉತ್ತರ ಬಂದದ್ದು ಭಾವನಿಂದ.

"ನಿನ್ ತಂಗಿ ಬರ್ದಿರೋದು. ನಮ್ಮನೆ ಟೀ ಊರಿಗೆಲ್ಲ ಪಾಠ ಆಗಿದೆ ನೋಡು."

"ನೀವ್ ಯಾವಾಗ ನೋಡಿದ್ರಿ ಇದನ್ನ?"

"ನಿನ್ನೆ ರಾತ್ರಿ. ನೀನೇ ಹೇಳಿ ಬರೆಸಿದ್ಯೇನೋ ಅಂದ್ಕೊಂಡೆ."

"ನಾನ್ಯಾಕ್ರೀ ಬರೆಸ್ಲಿ? ನಾನೇನ್ ಹುಚ್ಚೀನಾ?"

ಆ 'ರೀ' ಕೋಣೆಯಲ್ಲಿ ಬಿದ್ದದ್ದನ್ನು ಗಮನಿಸಿದವಳು ಅಮೂಲ್ಯ ಒಬ್ಬಳೇ. ಅವರಿಬ್ಬರಿಗೂ ಅದಕ್ಕೆ ಪುರಸೊತ್ತಿರಲಿಲ್ಲ. "ಇವಳ ಹತ್ರ ಯಾಕೆ ಹೇಳ್ದೆ ಮತ್ತೆ?" ಎಂದರು ಭಾವ. "ಇನ್ಯಾರ ಹತ್ರ ಹೇಳ್ಲಿ? ಗೋಡೆ ಹತ್ರ ಹೇಳ್ಲಾ?" "ನನ್ ಹತ್ರ ಹೇಳಕ್ಕೇನಾಗಿತ್ತು?" "ನಿಮ್ ಹತ್ರಾನಾ! ಯುಗಾದಿಯಿಂದ ಮುಖ ತಿರುಗಿಸ್ಕೊಂಡು ಕೂತಿರೋರ್ ಯಾರು?" "ಎಲೆ ಮುಂದೆ ಕೂರಿಸ್ಕೊಂಡು ಮರ್ಯಾದೆ ತೆಗೆದೋರ್ ಯಾರು?" ಭಾವ ಎದ್ದು ನಿಂತಿದ್ದರು, ಬಲಗೈ ಎಂಜಲಾಗಿದ್ದರಿಂದ ಅದನ್ನು ಮೈಯಿಂದ ದೂರ ಹಿಡಿದು. "ತಪ್ಪಾಯ್ತಕ್ಕ, ನಾನು..." ಎಂದು ಅಮೂಲ್ಯ ನಡುವೆ ಬಾಯಿ ಹಾಕಿದಳು. ಇಬ್ಬರೂ ಒಟ್ಟಿಗೆ ಅವಳ ಕಡೆ ತಿರುಗಿದರು. ಅಕ್ಕನ ಮುಖ ಅವಳು ಎಂದೂ ಕಾಣದ ಹಾಗಿತ್ತು. "ನೀನು ಕೈ ಹಿಡ್ಕೊಂಡು ಕೂತಿದ್ಯಲ್ಲೇ ಆವತ್ತು" ಎಂದಳು. "ಕೈ ಹಿಡ್ಕೊಂಡು, ಬರ್ಕೊಳ್ತಾ ಇದ್ಯಾ?" ಅಮೂಲ್ಯ ಇಲ್ಲ ಎನ್ನಲು ಹೋದಳು. ಅದು ಸುಳ್ಳಾಗುತ್ತಿತ್ತು. "ಆವತ್ತೂ ಹಂಗೇ, ಹೋಳಿಗೆ ಎತ್ಕೊಂಡು ಪಾಠ" ಎಂದರು ಭಾವ, ಅವಳಿಗಲ್ಲ, ಹೆಂಡತಿಗೆ. "ಅದು ನಂಗೂ ಸರಿ ಕಾಣ್ಲಿಲ್ಲ" ಎಂದಳು ಅಕ್ಕ, ಗಂಡನಿಗೆ. ಆಮೇಲೆ ತಂಗಿಗೆ, "ನೀನು ಹೊರಗ್ ಹೋಗು ಸ್ವಲ್ಪ" ಎಂದಳು.

ತೊಳೆಯದ ಕೈಯಲ್ಲೇ ಅವಳು ಹೊರಬಂದಳು. ಹಿಂದೆ ಬಾಗಿಲು ಮುಚ್ಚಿತು. ಅಂಗಳದ ನಲ್ಲಿಯಲ್ಲಿ ಕೈ ತೊಳೆದು ನಿಂತಳು. ಫೋನು, ಉಚಿತ ಪ್ರಯಾಣಕ್ಕೆ ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡು ಎಲ್ಲ ಇದ್ದ ಬ್ಯಾಗು ಒಳಗೆ ಮೆಷಿನ್ನಿನ ಸ್ಟೂಲಿನ ಮೇಲೆ ಉಳಿದಿತ್ತು. ಒಳಗೆ ಅಕ್ಕನ ದನಿ ಏರುತ್ತಿತ್ತು, ಅದರ ಮೇಲೆ ಭಾವನ ದನಿ, ಅವೆರಡೂ ಒಂದರ ಮೇಲೊಂದು ಬಿದ್ದು ಪದಗಳೇ ತಿಳಿಯುತ್ತಿರಲಿಲ್ಲ. ಬಾಗಿಲು ತಟ್ಟಲು ಕೈ ಎತ್ತಿದಳು. ತಟ್ಟಿದರೆ ಮಾತು ನಿಂತುಹೋಗಬಹುದು ಎಂದು ತೋರಿ ಇಳಿಸಿದಳು. ಬಿಸಿಲಿನಲ್ಲಿ ತಲೆ ಕಾಯುತ್ತಿತ್ತು. ಪಕ್ಕದ ಮನೆಯ ಚಿನ್ನಮ್ಮ ಕಾಂಪೌಂಡಿನ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ತಿರುವುತ್ತ, "ಏನ್ ತಂಗಚ್ಚಿ, ಒಳಗೆ ಜಗಳಾನಾ?" ಎಂದು ಪಿಸುದನಿಯಲ್ಲಿ ಕೇಳಿದಳು. ಅಮೂಲ್ಯ ತಲೆಯ ಮೇಲೆ ದುಪಟ್ಟಾ ಎಳೆದುಕೊಂಡಳು. "ಆಗ್ಲಿ ಬಿಡಮ್ಮ. ಎಷ್ಟ್ ತಿಂಗ್ಳಾಯ್ತು, ಆ ಮನೇಲಿ ಮೆಷಿನ್ ಬಿಟ್ರೆ ಬೇರೆ ಸೌಂಡೇ ಇಲ್ಲ. ನಮ್ ಬೀದಿಗೇ ಭಯ ಆಗಿತ್ತು" ಎಂದಳು ಚಿನ್ನಮ್ಮ. ಎಲ್ಲರಿಗೂ ಗೊತ್ತಿತ್ತು ಹಾಗಾದರೆ. ಗೊತ್ತಿದ್ದು ಸುಮ್ಮನಿದ್ದರು. ತನ್ನ ವಾಕ್ಯದಿಂದಾಗಿ ಈ ಮನೆಯಲ್ಲಿ ಮಾತು ಹುಟ್ಟಿತಲ್ಲ ಎಂದು ಒಂದು ಸಣ್ಣ ಹೆಮ್ಮೆ ಒಳಗೆಲ್ಲೋ ತಲೆ ಎತ್ತಿತು. 'ಬರ್ಕೊಳ್ತಾ ಇದ್ಯಾ?' ಎಂದು ಅಕ್ಕ ಕೇಳಿದ್ದು ನೆನಪಾಗಿ ಅದು ಅಲ್ಲಿಯೇ ಮುದುಡಿತು.

ಒಳಗೆ ದನಿಗಳು ಇಳಿದವು. ಯಾರೋ ಮೂಗು ಸೀಟಿದರು, ಅಕ್ಕನೇ ಇರಬೇಕು. ಭಾವ ಏನೋ ದೀರ್ಘವಾಗಿ ಹೇಳುತ್ತಿದ್ದರು, ನಿಧಾನವಾಗಿ, ಬಹಳ ದಿನಗಳಿಂದ ಕೂಡಿಹಾಕಿಕೊಂಡಿದ್ದನ್ನು ತೆಗೆದು ತೆಗೆದು ಇಡುವವರಂತೆ. ಆಮೇಲೆ ಹೆಜ್ಜೆ ಸದ್ದು ಬಾಗಿಲಿನ ಹತ್ತಿರ ಬಂತು. ಅಮೂಲ್ಯ ಮುಖ ಒರೆಸಿಕೊಂಡು ನೆಟ್ಟಗೆ ನಿಂತಳು. ಕರೆಯುತ್ತಾಳೆ ಎಂದುಕೊಂಡಳು. ಬಾಗಿಲು ಒಂದು ಮೊಳದಷ್ಟು ತೆರೆಯಿತು. ಅಕ್ಕನ ಕಣ್ಣು ಕೆಂಪಾಗಿತ್ತು, ಕೂದಲು ಕೆದರಿತ್ತು. ಅವಳು ತಂಗಿಯನ್ನು ನೋಡಿದಳು, ನೋಡಿ, ಬಾಯಿ ತೆರೆಯದೆ, ಬಗ್ಗಿ ಬ್ಯಾಗನ್ನು ಮೆಟ್ಟಿಲ ಮೇಲೆ ಇಟ್ಟಳು. ಅದು ವಾಲಿದಾಗ ಸರಿಮಾಡಿ ಗೋಡೆಗೆ ಒರಗಿಸಿದಳು. ಬಾಗಿಲು ಮುಚ್ಚಿ ಚಿಲಕ ಹಾಕಿಕೊಂಡಳು.

ಅಕ್ಕ ಒಳಗೆ ಹೋದ ಮೇಲೆ ಅಮೂಲ್ಯ ಮೆಟ್ಟಿಲ ಹತ್ತಿರ ಹೋಗಿ ಬ್ಯಾಗಿಗೆ ಬಗ್ಗಿದಳು. ಬಾಗಿಲಿನಾಚೆ, ಅಷ್ಟು ಹತ್ತಿರದಲ್ಲೇ, ಭಾವ ಏನನ್ನೋ ಕೇಳಿದರು. ಅಕ್ಕ ಉತ್ತರ ಕೊಟ್ಟಳು.